ದುರ್ಗಕ್ಕೂ ಕಡಲಿಗೂ ಏನ್ರೀ ಸಂಬಂಧ?

ಭಾಗ 1

ಫೋಟೋದಲ್ಲಿರೋದು ನಮ್ಮ ಕೋಟೆನೇ. ಮೇಲುದುರ್ಗದಿಂದ ತೆಗೆದದ್ದು. ಎತ್ತ ನೋಡಿದ್ರೂ ಬಂಡೆ, ಅದರಾಚೆ ಗುಡ್ಡದ ಮೇಲೆ ತಿರುಗೋ ಗಾಳಿ ಫ್ಯಾನು, ಅದರಾಚೆ ಬಯಲು. ನೀರು ಅಂದ್ರೆ ಅಕ್ಕ-ತಂಗಿ ಹೊಂಡ, ಸಿಹಿನೀರು ಹೊಂಡ, ಸಂತೆಹೊಂಡ. ಮದಕರಿಪುರದಿಂದ ಬಸ್ಸು ಹತ್ತಿ ಮಂಗಳೂರಿನ ಸಮುದ್ರ ನೋಡ್ಬೇಕಂದ್ರೆ ಘಟ್ಟ ಇಳಿದು 300 ಕಿಲೋಮೀಟರ್ ಹತ್ತತ್ತಿರ ಆಗುತ್ತೆ.

ಇಂಥ ಊರಿನ ಪೇಜಲ್ಲಿ ನೌಕಾಯುದ್ಧದ ಬಗ್ಗೆ ಯಾಕೆ ಬರೀತಿದೀಯಾ ಅಂತ ಕೇಳ್ತೀರ. ಸರಿ, ಕೇಳಿ. ನಮ್ಮ ಏಳು ಸುತ್ತಿನ ಕೋಟೆಯನ್ನ 1779ರಲ್ಲಿ ಗೆದ್ದ ಹೈದರಾಲಿ ಮುಂದಿನ ವರ್ಷವೇ ಇಂಗ್ಲಿಷರ ಒಂದು ಇಡೀ ಸೈನ್ಯವನ್ನ ಬಯಲಲ್ಲಿ ಮುಗಿಸಿಬಿಟ್ಟ. ಆದ್ರೂ ಅವರನ್ನ ಓಡಿಸೋಕೆ ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನೋದಕ್ಕೆ ಉತ್ತರ ನೆಲದ ಮೇಲಿಲ್ಲ, ನೀರಿನ ಮೇಲಿದೆ. ಆ ಕಥೆಯೊಳಗೆ ನಮ್ಮ ದುರ್ಗ ಎರಡು ಸಲ ಬಂದು ಹೋಗುತ್ತೆ, ಅದೂ ತೀರಾ ಮುಖ್ಯವಾದ ಜಾಗದಲ್ಲಿ. ಪರೀಕ್ಷೆಗೆ ಓದಿದ ಪಾಠದಲ್ಲಿ ಇದು ಬರಲ್ಲ.

ಮೊದಲೇ ಒಂದು ಮಾತು: ಹೈದರ್ ಒಳ್ಳೆಯವನಾ, ಟಿಪ್ಪು ಒಳ್ಳೆಯವನಾ ಅಂತ ಕೆಳಗೆ ಜಗಳ ಶುರು ಮಾಡ್ಬೇಡಿ. ದುರ್ಗದವರಿಗೆ ಅವರ ಮೇಲೆ ಸಿಟ್ಟಿರೋದು ಸಹಜ, ನನಗೂ ಇದೆ. ಆದ್ರೆ ಇಲ್ಲಿ ನೋಡ್ತಿರೋದು ಯುದ್ಧದ ಲೆಕ್ಕ.

ಭಾಗ 2

1763ಕ್ಕೆ ಹೋಗೋಣ. ಆಗ ದುರ್ಗದಲ್ಲಿ ಆಳ್ತಿದ್ದದ್ದು ನಮ್ಮ ಕೊನೆಯ ಮದಕರಿ ನಾಯಕರು. ಹೈದರ್ ಸಿರಾ ಗೆದ್ದು ಈ ಕಡೆ ಪಾಳೆಯಗಾರರಿಂದ ಕಾಣಿಕೆ ವಸೂಲಿ ಮಾಡ್ತಾ ಬಂದಿದ್ದ. ಆ ಹೊತ್ತಲ್ಲಿ ದುರ್ಗದ ಕಡೆಯಿಂದ ಒಬ್ಬ ವ್ಯಕ್ತಿಯನ್ನ ಹೈದರನ ಮುಂದೆ ತಂದು ನಿಲ್ಲಿಸಿದರು. ಅವನು ಹೇಳಿಕೊಂಡದ್ದು: 'ನಾನು ಬಿದನೂರಿನ ರಾಜ ಚೆನ್ನಬಸವಯ್ಯ. ನಾನು ಸತ್ತೆ ಅಂತ ಸುದ್ದಿ ಹಬ್ಬಿಸಿದ್ದಾರೆ. ರಾಣಿ ವೀರಮ್ಮಾಜಿಯಿಂದ ನನ್ನ ರಾಜ್ಯ ಕೊಡಿಸಿ.'

ಅವನು ನಿಜವಾದ ರಾಜನೋ ವೇಷದವನೋ, ಹೈದರನಿಗೆ ಅದು ಬೇಕಾಗೇ ಇರಲಿಲ್ಲ. ಬೇಕಿದ್ದದ್ದು ಒಂದು ನೆಪ, ಜೊತೆಗೆ ದಾರಿ. 1763ರ ಮಾರ್ಚ್‌ನಲ್ಲಿ ಬಿದನೂರು ಬಿತ್ತು. ಕೊನೆಗೆ ರಾಣಿಯನ್ನೂ ಈ 'ರಾಜ'ನನ್ನೂ ಇಬ್ಬರನ್ನೂ ಒಟ್ಟಿಗೇ ಮಧುಗಿರಿ ಕೋಟೆಯಲ್ಲಿ ಕೂಡಿಹಾಕಿದ ಅನ್ನೋದು ಈ ಕಥೆಯ ತಮಾಷೆ, ಅಥವಾ ಕ್ರೌರ್ಯ. ಬಿದನೂರಿಗೆ ಹೈದರನಗರ ಅಂತ ಹೆಸರಿಟ್ಟ. ಇವತ್ತು ಹೊಸನಗರ ತಾಲೂಕಿನ ನಗರ ಅಂತೀವಲ್ಲ, ಅದೇ ಊರು.

ಎಲ್ಲರೂ ಬಿದನೂರಿನ ಖಜಾನೆ ಬಗ್ಗೆ ಹೇಳ್ತಾರೆ. ಖಜಾನೆ ದೊಡ್ಡದೇ. ಆದ್ರೆ ನನ್ನ ಪ್ರಕಾರ ಅದಕ್ಕಿಂತ ದೊಡ್ಡದು ಬಿದನೂರಿನ ಕೆಳಗಿತ್ತು: ಹೊನ್ನಾವರ, ಕುಂದಾಪುರ, ಬಸರೂರು, ಮಂಗಳೂರು. ಕೆಳದಿ ನಾಯಕರ ಕರಾವಳಿ ಪೂರ್ತಿ. ಮೆಣಸು, ಅಕ್ಕಿ, ಘಟ್ಟದ ತೇಗ. ಆವರೆಗೆ ಮೈಸೂರು ಅನ್ನೋದು ಸುತ್ತ ನೆಲವೇ ಇದ್ದ ರಾಜ್ಯ. ದುರ್ಗದಿಂದ ಹೊರಟ ಒಬ್ಬ ಅನುಮಾನದ ಮನುಷ್ಯನ ನೆಪದಲ್ಲಿ ಅದಕ್ಕೆ ಕಡಲು ಸಿಕ್ಕಿತು.

ಕನ್ನಡದ ರಾಜರಿಗೆ ಕಡಲೇನೂ ಹೊಸದಲ್ಲ ಬಿಡಿ. ಇಮ್ಮಡಿ ಪುಲಿಕೇಶಿ ನೂರಾರು ಹಡಗು ಕಟ್ಕೊಂಡು ಪುರಿ ಅನ್ನೋ ಪಟ್ಟಣಕ್ಕೆ ಮುತ್ತಿಗೆ ಹಾಕಿದ ಅಂತ 634ರ ಐಹೊಳೆ ಶಾಸನವೇ ಹೇಳುತ್ತೆ. ಆದ್ರೆ ಬಯಲುಸೀಮೆಯ ಕುದುರೆ ಸವಾರನಾಗಿ ಬೆಳೆದ ಹೈದರನಿಗೆ ಇದು ಹೊಸ ಆಟ.

ಭಾಗ 3

ಹೊಸ ಆಟದಲ್ಲಿ ಮೊದಲ ಪೆಟ್ಟು 1768ರಲ್ಲಿ ಬಿತ್ತು. ಹೈದರ್ ಹಡಗುಪಡೆ ಕಟ್ಟಿದ್ದ. ಅದರ ಮೇಲೆ ಯಾರನ್ನ ಕೂರಿಸಿದ ಗೊತ್ತಾ? ಲುತ್ಫ್ ಅಲಿ ಬೇಗ್ ಅನ್ನೋ ಕುದುರೆಪಡೆಯ ಅಧಿಕಾರಿಯನ್ನ. ಹಡಗಿನಲ್ಲೇ ಕೂದಲು ಹಣ್ಣಾದ ಕಪ್ತಾನರ ಮೇಲೆ ಒಬ್ಬ ಸವಾರ! ಅವರಿಗೆ ಹೇಗಾಗಿರಬೇಡ? ನಮ್ಮ ಕಬಡ್ಡಿ ಟೀಮಿಗೆ ಚೆಸ್ ಆಡೋನನ್ನ ಕ್ಯಾಪ್ಟನ್ ಮಾಡಿದ ಹಾಗೆ.

ಆ ವರ್ಷದ ಆರಂಭದಲ್ಲಿ ಬೊಂಬಾಯಿಯಿಂದ ಇಂಗ್ಲಿಷರ ಹಡಗುಗಳು ಹೊನ್ನಾವರದ ಎದುರು ಕಾಣಿಸಿಕೊಂಡವು. ಮೈಸೂರಿನ ಪಡೆ ಬಂದರಿನಿಂದ ಹೊರಟಿತು. ಎರಡು ದೊಡ್ಡ ಹಡಗು, ಎರಡು ಗ್ರಾಬ್, ಹತ್ತು ಗ್ಯಾಲಿವಾಟ್. (ಗ್ರಾಬ್ ಅಂದ್ರೆ ಮೂತಿ ಚೂಪಾಗಿ ಮುಂದಕ್ಕೆ ಚಾಚಿದ, ಕಡಿಮೆ ಆಳದ ನೀರಲ್ಲೂ ಹೋಗೋ ಯುದ್ಧ ಹಡಗು. ಗ್ಯಾಲಿವಾಟ್ ಅಂದ್ರೆ ಹಾಯಿಯೂ ಹುಟ್ಟೂ ಎರಡೂ ಇರೋ ಚುರುಕಾದ ದೋಣಿ.) ಹೊರಟವರು ಕಾದಾಡಲಿಲ್ಲ. ನೇರ ಹೋಗಿ ಇಂಗ್ಲಿಷರ ಜೊತೆ ಸೇರಿಕೊಂಡರು. ಮಂಗಳೂರು, ಹೊನ್ನಾವರ ಎರಡೂ ಕೈಬಿಟ್ಟವು.

ಹೈದರ್ ಸುಮ್ಮನೆ ಕೂರಲಿಲ್ಲ, ಮೇ ತಿಂಗಳಷ್ಟರಲ್ಲಿ ಘಟ್ಟ ಇಳಿದು ಮಂಗಳೂರನ್ನ ವಾಪಸ್ ತಗೊಂಡ. ಊರನ್ನ ಹಾಗೆ ಒಂದು ಮಳೆಗಾಲದೊಳಗೆ ವಾಪಸ್ ತಗೋಬಹುದು. ಹಡಗು ನಡೆಸೋ ಜನರನ್ನ ಹಾಗೆ ತಗೊಳ್ಳೋಕಾಗಲ್ಲ. ಗಾಳಿ ಓದೋಕೆ, ಮರಳದಿನ್ನೆ ತಪ್ಪಿಸೋಕೆ, ಓಲಾಡೋ ಹಲಗೆ ಮೇಲೆ ನಿಂತು ಫಿರಂಗಿ ಗುರಿ ಇಡೋಕೆ ಕಲಿಯೋಕೆ ವರ್ಷಗಟ್ಟಲೆ ಬೇಕು. ಮರ ಇದ್ರೆ ಹಡಗಾಗುತ್ತೆ, ನೌಕಾಪಡೆ ಆಗಲ್ಲ.

ಭಾಗ 4

ಈಗ ನಮ್ಮ ಕೋಟೆಗೆ ವಾಪಸ್ ಬನ್ನಿ, ಒಂದು ಲೆಕ್ಕ ಅರ್ಥ ಆಗ್ಬೇಕು.

ದುರ್ಗವನ್ನ ಹೈದರ್ 1777ರಲ್ಲಿ ಮುತ್ತಿ ತಿಂಗಳುಗಟ್ಟಲೆ ಕೂತ, ಮರಾಠರು ಬರ್ತಿದ್ದಾರೆ ಅಂತ ಎದ್ದು ಹೋದ. 1779ರಲ್ಲಿ ಮತ್ತೆ ಬಂದ. ಒಳಗಿನ ಕೆಲವರು ಶತ್ರುವಿನ ಕೈಗೂಡಿದ ಮೇಲಷ್ಟೇ ಕೋಟೆ ಬಿತ್ತು. ಅಲ್ಲಿವರೆಗೆ ಯಾಕೆ ನಿಂತಿತ್ತು? ಬಂಡೆ ಒಂದರಿಂದ ಅಲ್ಲ. ಒಳಗೆ ಹೊಂಡಗಳಲ್ಲಿ ನೀರಿತ್ತು, ಕಣಜದಲ್ಲಿ ಕಾಳಿತ್ತು. ಮುತ್ತಿಗೆ ಅಂದ್ರೆ ಗೋಡೆ ಒಡೆಯೋದಕ್ಕಿಂತ ಹೆಚ್ಚಾಗಿ ಊಟದ ದಾರಿ ಮುಚ್ಚೋದು. ನಾಲ್ಕೂ ಕಡೆ ಮುಚ್ಚಿ ಕೂತ್ರೆ ಎಂಥ ಕೋಟೆಯೂ ಒಂದಿನ ಬಾಗಿಲು ತೆಗೀಲೇಬೇಕು. ಒಂದೇ ಒಂದು ಕಿಂಡಿ ತೆರೆದಿದ್ರೂ ಲೆಕ್ಕ ಬದಲಾಗುತ್ತೆ. ಕಿಂಡಿಯ ಬೆಲೆ ಏನು ಅಂತ ಓಬವ್ವನ ಊರಿನವರಿಗೆ ಬಿಡಿಸಿ ಹೇಳ್ಬೇಕಾ?

1780ರ ಜುಲೈನಲ್ಲಿ ಹೈದರ್ ಕರ್ನಾಟಿಕ್ ಪ್ರಾಂತ್ಯಕ್ಕೆ, ಅಂದ್ರೆ ಈಗಿನ ಉತ್ತರ ತಮಿಳುನಾಡಿಗೆ ನುಗ್ಗಿದ. ಸೆಪ್ಟೆಂಬರ್ 10ಕ್ಕೆ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಸೈನ್ಯ ನಾಶ ಆಯ್ತು. ಹಳ್ಳಿಗಳು ಖಾಲಿ, ಬೆಳೆ ಸುಟ್ಟಿತ್ತು, ದನಕರು ಇಲ್ಲ. ಇಂಗ್ಲಿಷರ ಸೈನ್ಯಕ್ಕೆ ನೆಲದ ಮೇಲೆ ಒಂದು ಹಿಡಿ ಅಕ್ಕಿ ಸಿಗದ ಹಾಗೆ ಮಾಡಿದ್ದ. ದುರ್ಗದಲ್ಲಿ ಮಾಡಿದ್ದೇ ಕೆಲಸ, ಇಡೀ ಪ್ರಾಂತ್ಯದ ಅಳತೆಯಲ್ಲಿ.

ಆದ್ರೆ ಮದ್ರಾಸ್ ಕೋಟೆಗೆ ಮೂರೇ ಕಡೆ ನೆಲ. ನಾಲ್ಕನೇ ಕಡೆ ಸಮುದ್ರ. ಆ ಇಡೀ ಕಡೆಯೇ ಒಂದು ಕಿಂಡಿ! ಬಂಗಾಳದಿಂದ ಅಕ್ಕಿ, ದುಡ್ಡು, ಸಿಪಾಯಿಗಳು, ಮದ್ದು ಎಲ್ಲ ಹಡಗಿನಲ್ಲಿ ಬರ್ತಿತ್ತು. ಹಗ್ಗದಲ್ಲಿ ಹಲಗೆ ಹೊಲಿದು ಮಾಡಿದ ಮಸೂಲಾ ದೋಣಿಗಳು ಅಲೆ ದಾಟಿಸಿ ಅದನ್ನ ದಡಕ್ಕೆ ಇಳಿಸ್ತಿದ್ದವು. ಹೈದರನ ಸಾವಿರಾರು ಕುದುರೆಗಳು ದಡದಲ್ಲಿ ನಿಂತು ನೋಡಬಹುದಿತ್ತು, ಅಷ್ಟೆ.

ಭಾಗ 5

ಈ ಭಾಗ ಸ್ವಲ್ಪ ನಿಧಾನವಾಗಿ ಓದಿ. ಇಡೀ ಸರಣಿಯಲ್ಲಿ ನನಗೆ ತೀರಾ ಇಷ್ಟವಾದದ್ದು ಇದು.

1780ರ ಡಿಸೆಂಬರ್‌ನಲ್ಲಿ ಇಂಗ್ಲಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿಗೆ ಬಂದ. ಹೈದರ್ ಮತ್ತೆ ಕಟ್ಟಿದ್ದ ಯುದ್ಧ ಹಡಗುಗಳು ಅಲ್ಲಿ ನಿಂತಿದ್ದವು. ಹ್ಯೂಸ್ ದೋಣಿಗಳಲ್ಲಿ ಜನ ಕಳಿಸಿ ಅವನ್ನ ಹಾಳು ಮಾಡಿದ. ಪೊಳ್ಳಿಲೂರಾಗಿ ಮೂರೇ ತಿಂಗಳು. ಪೂರ್ವದ ನೆಲದಲ್ಲಿ ಗೆದ್ದವನು ಪಶ್ಚಿಮದ ನೀರಲ್ಲಿ ಸೋತ. ಹ್ಯೂಸ್ ಅಲ್ಲಿಂದ ಬೊಂಬಾಯಿಗೆ ಹೋದ, ಹಡಗು ರಿಪೇರಿಗೆ.

ಹಾಗಾಗಿ ಪೂರ್ವ ಕರಾವಳಿಯಲ್ಲಿ ಇಂಗ್ಲಿಷರ ದೊಡ್ಡ ಯುದ್ಧ ಹಡಗು ಇರಲಿಲ್ಲ. ಸರಿಯಾಗಿ ಆ ಹೊತ್ತಿಗೆ, 1781ರ ಜನವರಿ ಕೊನೆಯಲ್ಲಿ, ಫ್ರೆಂಚರ ಹಡಗುಪಡೆ ಅಲ್ಲಿಗೆ ಬಂತು. ಅದರ ನಾಯಕ ದೋರ್ವ್. ಇಂಗ್ಲಿಷರ ಮುಖ್ಯ ಸೈನ್ಯ ಜನರಲ್ ಐರ್ ಕೂಟ್‌ನ ಜೊತೆ ಕಡಲೂರಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ನೆಲದ ಕಡೆ ಹೈದರ್, ನೀರಿನ ಕಡೆ ದೋರ್ವ್. ಕೈಯಲ್ಲಿದ್ದ ಅಕ್ಕಿ ಕೆಲವೇ ದಿನಕ್ಕೆ. ಮದ್ರಾಸಿನಿಂದ ಹಡಗಿನಲ್ಲಿ ಬರ್ಬೇಕು, ಬರೋ ದಾರಿಯಲ್ಲಿ ಫ್ರೆಂಚರು.

ಅರ್ಥ ಆಯ್ತಲ್ವಾ? ಕಿಂಡಿಯ ಬಾಯಿಗೆ ಯಾರೋ ಒನಕೆ ಹಿಡ್ಕೊಂಡು ನಿಂತಾಗಿದೆ! ಇನ್ನು ಕೆಲವು ವಾರ ನಿಂತಿದ್ರೆ ಸಾಕು. ಹೈದರ್ ದೋರ್ವ್‌ಗೆ ಮತ್ತೆ ಮತ್ತೆ ಹೇಳಿಕಳಿಸಿದ: ಹೋಗ್ಬೇಡ, ನಿಲ್ಲು.

ಫೆಬ್ರವರಿ 15ಕ್ಕೆ ದೋರ್ವ್ ಲಂಗರು ಎತ್ತಿ ಹೊರಟುಹೋದ. ಇಲ್ ದ ಫ್ರಾನ್ಸ್‌ಗೆ, ಅಂದ್ರೆ ಈಗಿನ ಮಾರಿಷಸ್‌ಗೆ. ಒಂದು ಗುಂಡು ಕೂಡ ಅವನ ಮೇಲೆ ಹಾರಿರಲಿಲ್ಲ. ಸಾಮಾನು ಕಡಿಮೆ, ಹಡಗಿನ ಸ್ಥಿತಿ ಹೀಗೆ ಅಂತ ಅವನಿಗೆ ಕಾರಣಗಳಿದ್ದವು. ಇರಲಿ. ನನಗನ್ನಿಸೋದು, ಅವನಿಗೆ ತಾನು ನಿಂತಿದ್ದ ಜಾಗದ ಬೆಲೆ ಗೊತ್ತಿರಲಿಲ್ಲ. ಹಡಗು ಜೋಪಾನ ಮಾಡೋದೇ ಕೆಲಸ ಅಂದ್ಕೊಂಡಿದ್ದ. ಪಕ್ಕದಲ್ಲಿದ್ದ ಮೈಸೂರಿನ ಸೈನ್ಯ ಅವನಿಗೆ ತನ್ನ ಯುದ್ಧದ ಭಾಗವಾಗಿ ಕಾಣಲೇ ಇಲ್ಲ.

ಕಡಲೂರಿಗೆ ಸಮುದ್ರದ ಮೇಲೆ ಮತ್ತೆ ಅಕ್ಕಿ ಬಂತು. ಜುಲೈ 1ಕ್ಕೆ ಪೋರ್ಟೋ ನೋವೊದಲ್ಲಿ (ಈಗಿನ ಪರಂಗಿಪೇಟೆ) ಅದೇ ಕೂಟ್ ಹೈದರನನ್ನ ಸೋಲಿಸಿದ. ಅವತ್ತು ಇಂಗ್ಲಿಷರ ಒಂದು ಸಣ್ಣ ಹಡಗು ದಡದ ಹತ್ತಿರಕ್ಕೇ ಬಂದು ಮೈಸೂರು ಕುದುರೆಪಡೆಯ ಮೇಲೆ ಫಿರಂಗಿ ಹಾರಿಸಿತು. ನೆಲದ ಕಾಳಗದಲ್ಲೂ ನೀರಿನ ಕೈ.

ಭಾಗ 6

ಮುಂದಿನ ವರ್ಷ ಬಂದ ಫ್ರೆಂಚ್ ನಾಯಕ ಬೇರೆ ಥರದವನು. ಹೆಸರು ಸಫ್ರೆನ್. 1782ರ ಫೆಬ್ರವರಿಯಿಂದ 1783ರ ಜೂನ್‌ವರೆಗೆ ಹ್ಯೂಸ್ ಜೊತೆ ಐದು ಸಲ ಕಾದಾಡಿದ: ಸದ್ರಾಸ್, ಪ್ರೊವಿಡಿಯನ್, ನಾಗಪಟ್ಟಣ, ಟ್ರಿಂಕೋಮಲಿ, ಕಡಲೂರು. ಐದರಲ್ಲಿ ಯಾವುದರಲ್ಲೂ ಎರಡೂ ಕಡೆಯ ಒಂದೇ ಒಂದು ದೊಡ್ಡ ಯುದ್ಧ ಹಡಗೂ ಸೆರೆಯಾಗಲಿಲ್ಲ. ಸಿನಿಮಾ ಆದ್ರೆ ಬೋರ್ ಅಂತೀರ. ಆದ್ರೆ ಸಫ್ರೆನ್ ಅಲ್ಲೇ ನಿಂತಿದ್ದ, ಮುಖ್ಯವಾದದ್ದು ಅದು. ಕಂಬ ಮುರಿದ್ರೆ ಸಣ್ಣ ಹಡಗಿನ ಕಂಬ ಕಿತ್ತು ದೊಡ್ಡದಕ್ಕೆ ಹಾಕಿಸಿದ. ಮರ ಸಿಗದಿದ್ರೆ ಮನೆಗಳ ತೊಲೆ ಬಿಚ್ಚಿಸಿದ. 1782ರ ಜುಲೈನಲ್ಲಿ ಹೈದರ್ ಕಡಲೂರಿನ ಹತ್ತಿರ ಡೇರೆ ಹಾಕಿ ಅವನನ್ನ ಕರೆಸಿ ಮಾತಾಡಿದ.

ಹಾಗಿದ್ರೂ ಯಾಕೆ ಆಗಲಿಲ್ಲ? ಇಲ್ಲಿ ಮಳೆಗಾಲ ಬರುತ್ತೆ. ಅಕ್ಟೋಬರ್‌ನಲ್ಲಿ ಹಿಂಗಾರು ಶುರುವಾದ್ರೆ ಮದ್ರಾಸ್ ಕಡೆಯ ತೆರೆದ ಕರಾವಳಿಯಲ್ಲಿ ಹಡಗು ನಿಲ್ಲೋಕಾಗಲ್ಲ, ದಡಕ್ಕೆ ಬಡಿಯುತ್ತೆ. ಹ್ಯೂಸ್‌ಗೆ ಓಡಿಹೋಗಿ ರಿಪೇರಿ ಮಾಡಿಸೋಕೆ ಬೊಂಬಾಯಿ ಇತ್ತು. ಅಲ್ಲಿ ಹಡಗನ್ನ ಒಳಗೆ ತಂದು ನೀರು ಬಸಿದು ತಳ ಸರಿಮಾಡೋ ಡಾಕ್ ಇತ್ತು. ಸಫ್ರೆನ್‌ಗೆ ಅಂಥದ್ದು ಇಡೀ ಇಂಡಿಯಾದಲ್ಲಿ ಒಂದೂ ಇಲ್ಲ. ಹೈದರನ ಕೈಲಿದ್ದ ಮಂಗಳೂರಿನಲ್ಲಿ ಇದ್ದಿದ್ರೆ? ಇರಲಿಲ್ಲ. 1763ರಿಂದ ಹತ್ತೊಂಬತ್ತು ವರ್ಷ ಸಿಕ್ಕಿತ್ತು. ಹಡಗು ಕಟ್ಟಿಸಿದ, ಸುಟ್ಟರು, ಮತ್ತೆ ಕಟ್ಟಿಸಿದ. ಹಡಗನ್ನ ಸಾಕೋ ಜಾಗ ಕಟ್ಟಿಸಲಿಲ್ಲ.

ಆ ದಿನಗಳಲ್ಲಿ ಹೈದರ್ ತನ್ನ ಮಂತ್ರಿ ಪೂರ್ಣಯ್ಯನವರ ಹತ್ರ ಮನಸ್ಸು ಬಿಚ್ಚಿ ಮಾತಾಡಿದ ಅಂತ ಮಾರ್ಕ್ ವಿಲ್ಕ್ಸ್ ಬರೀತಾನೆ. ನೆಲದ ಮೇಲೆ ಇಂಗ್ಲಿಷರ ಬೇರು ಕೀಳಬಲ್ಲೆ, ಆದ್ರೆ ಸಮುದ್ರವನ್ನ ಒಣಗಿಸೋದು ನನ್ನ ಕೈಲಾಗಲ್ಲ ಅನ್ನೋದು ಅದರ ಸಾರ. ವಿಲ್ಕ್ಸ್ ಕಂಪನಿಯ ಮನುಷ್ಯ, ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದವನು. ಅವನು ಬರೆದದ್ದನ್ನೆಲ್ಲ ಕಣ್ಮುಚ್ಚಿ ನಂಬಬೇಕಾಗಿಲ್ಲ. ಈ ಮಾತು ಮಾತ್ರ ನಡೆದ ಘಟನೆಗಳ ಜೊತೆ ಪೂರ್ತಿ ಹೊಂದುತ್ತೆ. 1782ರ ಡಿಸೆಂಬರ್ 7ಕ್ಕೆ ಹೈದರ್ ತೀರಿಕೊಂಡ.

ಭಾಗ 7

ದುರ್ಗ ಎರಡನೇ ಸಲ ಬರೋದು ಈಗ.

1779ರಲ್ಲಿ ಕೋಟೆ ಬಿದ್ದ ಮೇಲೆ ಹೈದರ್ ಇಲ್ಲಿನ ಸುಮಾರು 20,000 ಜನರನ್ನ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಹುಡುಗರನ್ನ ಬೇರೆ ಮಾಡಿ ಚೇಲಾ ಪಡೆಗೆ ಸೇರಿಸಿದ. ನಿಮ್ಮ ವಯಸ್ಸಿನವರು, ಇನ್ನೂ ಚಿಕ್ಕವರು. ಅವರಲ್ಲಿ ಒಬ್ಬರ ಹೆಸರೂ ನಮ್ಮ ಪಾಠದಲ್ಲಿಲ್ಲ.

ಖಾಲಿಯಾದ ದುರ್ಗದ ಮೇಲೆ ಅಧಿಕಾರಿಯಾಗಿ ಬಂದವನೂ ಒಬ್ಬ ಚೇಲಾನೇ. ಶೇಖ್ ಅಯಾಜ್. ಹುಟ್ಟಿದ್ದು ಮಲಬಾರಿನ ನಾಯರ್ ಮನೆಯಲ್ಲಿ, ಹೈದರನ ದಂಡಯಾತ್ರೆಯಲ್ಲಿ ಸೆರೆಸಿಕ್ಕವನು. ಕರಾವಳಿಯ ಹುಡುಗನನ್ನ ಹಿಡಿದು ತಂದು ಬಂಡೆಯ ಮೇಲೆ ಕೂರಿಸಿದ್ರು, ಬಂಡೆಯ ಹುಡುಗರನ್ನ ಹಿಡಿದು ಕಾವೇರಿ ದಂಡೆಗೆ ಒಯ್ದರು. 1782ರಲ್ಲಿ ಅಯಾಜ್‌ನನ್ನ ದುರ್ಗದಿಂದ ಬಿದನೂರಿಗೆ ವರ್ಗ ಮಾಡಿದರು. ಅಂದ್ರೆ ಇಡೀ ಕರಾವಳಿಯ ಬೀಗದಕೈ ಅವನ ಕೈಗೆ. ಹೈದರನಿಗೆ ಅವನ ಮೇಲೆ ಮಗನಿಗಿಂತ ಹೆಚ್ಚು ಪ್ರೀತಿ ಅಂತ ಮಾತಿತ್ತು. ಮಗನಿಗೆ ಅದು ಹಿಡಿಸ್ತಿರಲಿಲ್ಲ.

ಹೈದರ್ ಸತ್ತಾಗ ಮಲಬಾರಿನಲ್ಲಿದ್ದ ಟಿಪ್ಪು ಸುದ್ದಿ ತಿಳಿದು ಪೂರ್ವದ ಕಡೆಗೆ ಧಾವಿಸಿದ. ಬೊಂಬಾಯಿಯವರು ಏನ್ ಮಾಡಿದ್ರು? ಮೈಸೂರಿನ ದೊಡ್ಡ ಸೈನ್ಯ ಎಲ್ಲಿದೆಯೋ ಅಲ್ಲಿಗೆ ಹೋಗಲಿಲ್ಲ. ಜನರಲ್ ಮ್ಯಾಥ್ಯೂಸ್‌ನನ್ನ ಹಡಗಿನಲ್ಲಿ ಉತ್ತರ ಕನ್ನಡದ ದಡಕ್ಕೆ ತಂದಿಳಿಸಿದರು. ಹೊನ್ನಾವರ ಹೋಯ್ತು, ಕುಂದಾಪುರ ಹೋಯ್ತು, ಹೊಸಂಗಡಿ ಘಟ್ಟ ಹತ್ತಿದರು. 1783ರ ಜನವರಿ ಕೊನೆಗೆ ಅಯಾಜ್ ಬಿದನೂರನ್ನ ಕಾದಾಡದೆ ಒಪ್ಪಿಸಿಬಿಟ್ಟ.

ಯಾಕೆ? ವಿಲ್ಕ್ಸ್ ಹೇಳೋ ಕಥೆ ಹೀಗಿದೆ. ಅಯಾಜ್‌ಗೆ ಓದೋಕೆ ಬರ್ತಿರಲಿಲ್ಲ. ಟಿಪ್ಪುವಿನ ಭಯದಿಂದ, ಊರಿಗೆ ಬರೋ ಕಾಗದವನ್ನೆಲ್ಲ ಮೊದಲು ತನ್ನ ಮುಂದೆ ಓದಿಸ್ತಿದ್ದ. ಒಂದಿನ ಇನ್ನೊಬ್ಬ ಅಧಿಕಾರಿಗೆ ಬಂದ ಕಾಗದ ಓದಿಸಿದ. ಅದರಲ್ಲಿ ಇದ್ದದ್ದು ಅವನನ್ನೇ ಮುಗಿಸೋ ಆಜ್ಞೆ. ಇದು ಅಕ್ಷರಶಃ ಹೀಗೇ ನಡೀತೋ ಏನೋ, ಅವರಿಬ್ಬರ ನಡುವಿನ ದ್ವೇಷ ಮಾತ್ರ ಸುಳ್ಳಲ್ಲ. ಅಯಾಜ್ ಆಮೇಲೆ ಬೊಂಬಾಯಿ ಸೇರಿಕೊಂಡ.

ಇದರ ಪರಿಣಾಮ ನೋಡಿ. ಮಾರ್ಚ್‌ನಲ್ಲಿ ಮಂಗಳೂರೂ ಹೋಯ್ತು. ಟಿಪ್ಪು ಪೂರ್ವದ ಯುದ್ಧವನ್ನ ಅರ್ಧಕ್ಕೆ ಬಿಟ್ಟು ಇಡೀ ದಕ್ಷಿಣ ಭಾರತ ಅಡ್ಡ ದಾಟಿ ಮನೆ ಕಾಯೋಕೆ ಓಡಿಬರಬೇಕಾಯ್ತು. ಏಪ್ರಿಲ್ ಕೊನೆಗೆ ಬಿದನೂರು ವಾಪಸ್ ತಗೊಂಡ, ನಿಜ. ಆದ್ರೆ ಅತ್ತ ಕಡಲೂರಿನಲ್ಲಿ ಸಫ್ರೆನ್ ಜೂನ್ 20ಕ್ಕೆ ಹ್ಯೂಸ್‌ನನ್ನ ಹಿಮ್ಮೆಟ್ಟಿಸಿದಾಗ ಮೈಸೂರಿನ ಮುಖ್ಯ ಸೈನ್ಯ ಅಲ್ಲಿ ಇರಲೇ ಇಲ್ಲ! ಎರಡು ವರ್ಷ ಹಿಂದೆ ಸೈನ್ಯ ಇತ್ತು, ಹಡಗು ಹೊರಟುಹೋಯ್ತು. ಈಗ ಹಡಗು ನಿಂತಿತ್ತು, ಸೈನ್ಯ ಹೊರಟುಹೋಗಿತ್ತು. ಅಷ್ಟರಲ್ಲಿ ಯುರೋಪಿನಲ್ಲಿ ಸಂಧಿಯಾದ ಸುದ್ದಿ ಬಂತು, ಫ್ರೆಂಚರು ಕತ್ತಿ ಒರೆಗೆ ಹಾಕಿದರು.

ಸೈನ್ಯವೊಂದು ನಡೆದು ಬರೋಕೆ ವಾರಗಟ್ಟಲೆ ಬೇಕಾದ ದಾರಿಯನ್ನ ಹಡಗು ಇಟ್ಕೊಂಡೋನು ಸುತ್ತುಹಾಕಿ ಬಂದು ಬೆನ್ನಿಗೆ ಇಳೀತಾನೆ. ಎಲ್ಲಿ ಹೊಡೀಬೇಕು ಅಂತ ಆರಿಸೋ ಹಕ್ಕು ಅವನದ್ದು. ಕಾಯೋನಿಗೆ ಆ ಹಕ್ಕಿಲ್ಲ.

ಭಾಗ 8

ಮಂಗಳೂರು ಕೋಟೆಯನ್ನ ಟಿಪ್ಪು ತಿಂಗಳುಗಟ್ಟಲೆ ಮುತ್ತಿದ. ಒಳಗಿದ್ದ ಕ್ಯಾಂಪ್‌ಬೆಲ್ 1784ರ ಜನವರಿ 30ಕ್ಕೆ ಹಸಿವಿನಿಂದ ಸೋತು ಬಿಟ್ಟುಕೊಟ್ಟ. ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದ. ಇದು ಗೊತ್ತಿರೋದೇ, ಮುಂದೆ ಹೋಗೋಣ.

ಟಿಪ್ಪುಗೆ ಅಪ್ಪನ ಪಾಠ ಅರ್ಥ ಆಗಿತ್ತು ಅನ್ನೋದಕ್ಕೆ ಸಾಕ್ಷಿ 1796ರ ಅವನ ಆಜ್ಞೆ. 40 ಹಡಗು: 20 ದೊಡ್ಡ ಯುದ್ಧ ಹಡಗು, 20 ಫ್ರಿಗೇಟ್. ನೋಡಿಕೊಳ್ಳೋಕೆ ಮೀರ್ ಯಮ್ ಅನ್ನೋ ಅಧಿಕಾರಿಗಳ ಮಂಡಳಿ, ಹಡಗಿನ ಮೇಲೆ ಮೀರ್ ಬಹರ್‌ಗಳು. ಕಟ್ಟೋಕೆ ಮೂರು ಜಾಗ, ಮಂಗಳೂರು ಮತ್ತು ಕಾಳಿ ನದಿ ಬಾಯಲ್ಲಿರೋ ಸದಾಶಿವಗಡ ಸೇರಿ. ಕಾಗದದ ಮೇಲೆ ಏನೂ ಕೊರತೆ ಇಲ್ಲ. ಈ ಸಲ ಜಾಗ, ಮರ, ಅಧಿಕಾರಿ, ಸಂಬಳ ಎಲ್ಲ ಯೋಚಿಸಿದ್ದಾನೆ. ಆದ್ರೆ 1792ರಲ್ಲಿ ಅರ್ಧ ರಾಜ್ಯ ಹೋಗಿತ್ತು, ಮಲಬಾರ್ ಹೋಗಿತ್ತು. 1763ರಲ್ಲಿ ಬರೆಯಬೇಕಿದ್ದ ಆಜ್ಞೆಯನ್ನ ಮೂವತ್ತಮೂರು ವರ್ಷ ತಡವಾಗಿ ಬರೆದ. ಉಳಿದಿದ್ದದ್ದು ಮೂರು ವರ್ಷ. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು.

ಆಮೇಲೆ ಇಂಗ್ಲಿಷರು ರಾಜ್ಯ ಹಂಚಿದ್ದನ್ನ ನಕ್ಷೆ ತೆಗೆದು ನೋಡಿ. ಒಡೆಯರ ವಂಶದ ಚಿಕ್ಕ ಹುಡುಗನಿಗೆ ಮೈಸೂರು ಕೊಟ್ಟರು. ನಮ್ಮ ದುರ್ಗವೂ ಆ ಕಡೆಗೇ ಬಂತು. ಕಾರವಾರದಿಂದ ಮಂಗಳೂರಿನವರೆಗೆ ಕರಾವಳಿಯನ್ನ ಮಾತ್ರ ಕಂಪನಿ ತಾನೇ ಇಟ್ಕೊಂಡಿತು, ಒಂದು ಬಂದರನ್ನೂ ಬಿಡಲಿಲ್ಲ. ಕಡಲಿನ ಬೆಲೆ ಯಾರಿಗೆ ಗೊತ್ತಿತ್ತು ಅನ್ನೋದು ಆ ಗೆರೆಯಲ್ಲೇ ಇದೆ.

ಚಿತ್ರದುರ್ಗವೂ ಮಂಗಳೂರೂ ಮತ್ತೆ ಒಂದೇ ರಾಜ್ಯದಲ್ಲಿ ಸೇರಿದ್ದು 1956ರ ನವೆಂಬರ್ 1ಕ್ಕೆ. 157 ವರ್ಷ ಆದ್ಮೇಲೆ.

#ದುರ್ಗದಕಥೆ #ಮದಕರಿಪುರ #ಕಲ್ಲಿನಕೋಟೆ #ಕಡಲಯುದ್ಧ #ಇತಿಹಾಸ